ಸೋರುವ ಪ್ಯಾನಿಗೆ ಬೆಳ್ಳಿ ಬೆಸುಗೆ

ಜನವರಿ ಎರಡನೇ ವಾರ. ಅಮೆರಿಕದ ವರ್ಮಾಂಟ್‌ನಲ್ಲಿ ಹೊರಗೆ ಮೈನಸ್ 15 ಡಿಗ್ರಿ. ಮನೆಯ ನೆಲಮಾಳಿಗೆಯಲ್ಲಿ ಎರಡು ಮರದ ಸ್ಟ್ಯಾಂಡ್ ಹಾಕಿ, ಅದರ ಮೇಲೆ ನಾಲ್ಕು ಅಡಿ ಉದ್ದದ್ದೊಂದು, ಎರಡು ಅಡಿಯದ್ದೊಂದು ಸ್ಟೀಲ್ ಪ್ಯಾನ್ ಇಟ್ಟು ನೀರು ತುಂಬಿಸಿದೆ. ಕೆಳಗೆ ಹಳೇ ಪೇಪರ್ ಹಾಸಿದ್ದೆ. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪೇಪರ್ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಅರ್ಧ ಗಂಟೆಯಲ್ಲಿ ಏಳು ಕಡೆ ಒದ್ದೆಯಾಗಿತ್ತು.

ಈ ಪ್ಯಾನ್‌ಗಳು ಮೇಪಲ್ ಸಿರಪ್ ಕಾಯಿಸೋಕೆ. ನಮ್ಮ ಕಡೆ ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಕೊಪ್ಪರಿಗೆ ಇದ್ದ ಹಾಗೆ, ಇಲ್ಲಿ ಮೇಪಲ್ ಮರದ ರಸಕ್ಕೆ ಇವ್ಯಾಪೊರೇಟರ್. ವ್ಯತ್ಯಾಸ ಏನಂದ್ರೆ ಕಬ್ಬಿನ ಹಾಲು ಮೊದಲೇ ಸಿಹಿ. ಮೇಪಲ್ ರಸ ಕುಡಿದರೆ ಬಾವಿ ನೀರಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದ ಹಾಗಿರುತ್ತೆ. ಅದರಲ್ಲಿ ಸಕ್ಕರೆ ಸುಮಾರು 2 ಶೇಕಡಾ. 1 ಲೀಟರ್ ಸಿರಪ್ ಬೇಕಂದ್ರೆ 40 ಲೀಟರ್‌ಗೂ ಜಾಸ್ತಿ ರಸ ಕಾಯಿಸಬೇಕು. ಅಷ್ಟು ನೀರನ್ನ ಹಬೆ ಮಾಡಿ ಕಳಿಸೋ ಪಾತ್ರೆ ಇದು. ಅದು ಸೋರಿದರೆ ಹೋಗೋದು ಬರೀ ನೀರಲ್ಲ. ಸೌದೆ, ರಾತ್ರಿಯ ನಿದ್ದೆ ಎಲ್ಲವೂ ಹೋಗುತ್ತೆ.

ನನ್ನದು 2 ಅಡಿ ಅಗಲ, 6 ಅಡಿ ಉದ್ದದ ಸೆಟ್. ಹಿಂದಿನ ಪ್ಯಾನ್ 4 ಅಡಿ. ಅದರ ತಳ ಚಪ್ಪಟೆ ಅಲ್ಲ, ಸೀರೆಯ ನೆರಿಗೆ ಥರ ಆಳವಾದ ಮಡಿಕೆಗಳು ಕೆಳಗೆ ಇಳಿದಿವೆ. ಇವಕ್ಕೆ ಫ್ಲೂ ಅಂತಾರೆ. ಬೆಂಕಿ ಈ ಮಡಿಕೆಗಳ ನಡುವೆ ಹಾದುಹೋಗುತ್ತೆ, ರಸ ಬೇಗ ಕಾಯುತ್ತೆ. ಮುಂದಿನ ಪ್ಯಾನ್ 2 ಅಡಿ. ಚಪ್ಪಟೆ ತಳ, ಒಳಗೆ ಅಡ್ಡ ಗೋಡೆಗಳು. ರಸ ಹಾವಿನ ಥರ ಸುತ್ತಿ ಸುತ್ತಿ ಬಂದು ಕೊನೆಯ ಕೋಣೆಯಲ್ಲಿ ಪಾಕ ಆಗುತ್ತೆ. ಅಲ್ಲೇ ನಲ್ಲಿ. ಎರಡೂ ಸ್ಟೇನ್‌ಲೆಸ್ ಸ್ಟೀಲ್. ಹಾಳೆಯ ದಪ್ಪ ಮುಕ್ಕಾಲು ಮಿಲಿಮೀಟರ್. ಸಂದುಗಳಿಗೆಲ್ಲ ಬೆಸುಗೆ. ದೊಡ್ಡ ಸೆಟ್ ಹಾಕಿಸಿಕೊಂಡ ಒಬ್ಬ ರೈತರಿಂದ 600 ಡಾಲರಿಗೆ ತಂದೆ. "ಸ್ವಲ್ಪ ಜಿನುಗುತ್ತೆ" ಅಂತ ಅವರು ಮೊದಲೇ ಹೇಳಿದ್ದರು. ಒಂದು ವರ್ಷ ಹಿಂದಿನ ಪ್ಯಾನಿನಲ್ಲಿ ನೀರು ಉಳಿದು ಹೆಪ್ಪುಗಟ್ಟಿತ್ತು ಅಂತಲೂ ಹೇಳಿದರು. ಏನೂ ಮುಚ್ಚಿಡಲಿಲ್ಲ.

ಮೊದಲು ಸೀಸ

ಹಳೇ ಪ್ಯಾನ್ ತರೋರಿಗೆ ನಾನು ಮೊದಲು ಹೇಳೋದು ತೂತಿನ ಮಾತಲ್ಲ. ಸೀಸದ ಮಾತು. 1990ರ ದಶಕದ ನಡುವಿನವರೆಗೂ ಈ ಪ್ಯಾನ್‌ಗಳ ಸಂದಿಗೆ ಅರ್ಧ ತವರ, ಅರ್ಧ ಸೀಸದ ಬೆಸುಗೆ ಹಾಕ್ತಿದ್ದರು. ಪ್ಯಾನ್ ಸ್ಟೇನ್‌ಲೆಸ್ ಆಗಿದೆ ಅಂದ ಮಾತ್ರಕ್ಕೆ ಬೆಸುಗೆಯಲ್ಲಿ ಸೀಸ ಇಲ್ಲ ಅನ್ನೋ ಹಾಗಿಲ್ಲ. ರಸಕ್ಕೆ ಸ್ವಲ್ಪ ಹುಳಿ ಇರುತ್ತೆ. ಪ್ಯಾನಿನಲ್ಲಿ ದಿನಗಟ್ಟಲೆ ನಿಂತರೆ ಹುಳಿ ಇನ್ನೂ ಜಾಸ್ತಿ ಆಗುತ್ತೆ. ಆಗ ಸೀಸ ಕರಗಿ ರಸಕ್ಕೆ ಸೇರುತ್ತೆ. ಕಾಯಿಸಿದಾಗ ಹೋಗೋದು ನೀರು ಮಾತ್ರ, ಸೀಸ ಅಲ್ಲೇ ಉಳಿದು ಗಟ್ಟಿ ಆಗ್ತಾ ಹೋಗುತ್ತೆ. ಆ ಸಿರಪ್ ನನ್ನ ಮಗಳ ದೋಸೆ ಮೇಲೆ ಬೀಳೋದು.

ಅದಕ್ಕೇ ಮೊದಲ ದಿನ ಮಾಡಿದ್ದು ಬರೀ ಪರೀಕ್ಷೆ. ಸೀಸ ಪತ್ತೆ ಮಾಡೋ ಕಡ್ಡಿಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗ್ತವೆ. ಬೆಸುಗೆಯನ್ನ ಎಮರಿ ಪೇಪರ್‌ನಿಂದ ಸ್ವಲ್ಪ ಉಜ್ಜಿ, ಹೊಳಪು ಬಂದ ಕಡೆ ಕಡ್ಡಿ ತಿಕ್ಕಬೇಕು. ಸೀಸ ಇದ್ದರೆ ಕೆಂಪಾಗುತ್ತೆ. ಪ್ರತಿ ಸಂದಿಗೂ ಬೇರೆ ಕಡ್ಡಿ, ಯಾಕಂದ್ರೆ ನಡುವೆ ಯಾರೋ ಒಂದೇ ಸಂದಿಗೆ ರಿಪೇರಿ ಮಾಡಿರಬಹುದು. ನನ್ನ ಎರಡೂ ಪ್ಯಾನ್‌ಗಳಲ್ಲಿ ಬಣ್ಣ ಬರಲಿಲ್ಲ. ಖಾತ್ರಿ ಆಗಲಿ ಅಂತ ಬೆಸುಗೆಯ ಚೂರು ಕೆರೆದು ಲ್ಯಾಬ್‌ಗೂ ಕಳಿಸಿದೆ. ತವರ, ಸ್ವಲ್ಪ ಬೆಳ್ಳಿ. ಸೀಸ ಇಲ್ಲ.

ಆ ರೈತರು ತಮ್ಮ ತಾತನ ಕಾಲದ ಕಲಾಯಿ ತಗಡಿನ ಒಂದು ಪ್ಯಾನನ್ನೂ ಸುಮ್ನೆ ಜೊತೆಗೆ ಕೊಟ್ಟಿದ್ದರು. ಎಂಥ ಕೈಕೆಲಸ ಗೊತ್ತಾ! ಎರಡು ಅಡಿ ಉದ್ದದ ಸಂದು, ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಕಡ್ಡಿ ತಿಕ್ಕಿದ ತಕ್ಷಣ ರಕ್ತದ ಹಾಗೆ ಕೆಂಪಾಯ್ತು. ಅದನ್ನ ತಿರುಗಿ ಅವರಿಗೇ ಕೊಟ್ಟೆ, ಗೋಡೆಗೆ ನೇತುಹಾಕಿಕೊಳ್ಳಿ, ಕಾಯಿಸಬೇಡಿ ಅಂದೆ. ಕೆಲವರು ಸೀಸದ ಬೆಸುಗೆ ಮೇಲೆ ಸೀಸ ಇಲ್ಲದ ಬೆಸುಗೆ ಹಾಕಿ ಮುಚ್ಚಿಬಿಡಬಹುದು ಅಂದುಕೊಳ್ತಾರೆ. ಹಾಗಾಗಲ್ಲ. ಎರಡೂ ಕರಗಿ ಒಂದಕ್ಕೊಂದು ಬೆರೆಯುತ್ತವೆ. ಅಂಥ ಪ್ಯಾನ್ ರಿಪೇರಿ ಮಾಡೋದೇ ಬೇಡ.

ಹನಿ ಬೀಳೋ ಕಡೆ ತೂತಿಲ್ಲ

ಪಕ್ಕದ ಜಮೀನಿನ ಅಜ್ಜ ಐವತ್ತು ವರ್ಷದಿಂದ ಸಿರಪ್ ಮಾಡ್ತಿದ್ದಾರೆ. ಅವರು ಬಂದು ಏಳು ಒದ್ದೆ ಗುರುತು ನೋಡಿ, ಇದರಲ್ಲಿ ತೂತು ನಾಲ್ಕೋ ಐದೋ ಇರಬಹುದು, ಉಳಿದದ್ದು ನೀರು ನಡೆದು ಬಂದಿದ್ದು ಅಂದರು. ನಾನು ನಂಬಲಿಲ್ಲ. ಮುಂದಿನ ಪ್ಯಾನಿನ ಬಲ ಮೂಲೆಯಲ್ಲಿ ಹನಿ ಬೀಳ್ತಿತ್ತು. ಅಲ್ಲೇ ಉಜ್ಜಿ ಅಲ್ಲೇ ಬೆಸುಗೆ ಹಾಕಿದೆ. ಒಳ್ಳೇ ಬೆಸುಗೆಯೇ ಬಂತು. ನೀರು ತುಂಬಿಸಿದರೆ ಮತ್ತೆ ಅದೇ ಮೂಲೆಯಲ್ಲಿ ಟಪ್, ಟಪ್.

ತೂತು ಇದ್ದದ್ದು ಅಲ್ಲಿಂದ ಎಂಟು ಇಂಚು ದೂರ, ನಲ್ಲಿ ಕೂಡಿಸಿದ ಪೈಪಿನ ಬುಡದಲ್ಲಿ. ಯಾರೋ ನಲ್ಲಿಯನ್ನ ಸ್ಪ್ಯಾನರ್ ಹಾಕಿ ಜೋರಾಗಿ ತಿರುಗಿಸಿದಾಗ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನೀರು ಅಲ್ಲಿಂದ ಹೊರಬಂದು, ಅಂಚಿನ ಮಡಿಕೆ ಹಿಡಿದು ಹರಿದು, ಮೂಲೆಗೆ ಬಂದು ತೊಟ್ಟಿಕ್ತಿತ್ತು. ಗೊತ್ತಾಗಿದ್ದು ಸೀಮೆಸುಣ್ಣದಿಂದ. ಪ್ಯಾನಿನ ಹೊರಮೈಯನ್ನ ಹೇರ್ ಡ್ರೈಯರ್ ಹಿಡಿದು ಪೂರ್ತಿ ಒಣಗಿಸಿದೆ. ಸೀಮೆಸುಣ್ಣ ಪುಡಿ ಮಾಡಿ ಬ್ರಷ್‌ನಲ್ಲಿ ಸಂದುಗಳ ಉದ್ದಕ್ಕೂ ಬಳಿದೆ. ಆಮೇಲೆ ನೀರನ್ನ ಒಂದೇ ಸಲ ತುಂಬಿಸದೆ ಅರ್ಧ ಇಂಚು, ಒಂದು ಇಂಚು ಅಂತ ಏರಿಸ್ತಾ ಹೋದೆ. ಒದ್ದೆ ಎಲ್ಲಿ ಹುಟ್ಟುತ್ತೋ ಅಲ್ಲಿ ಬಿಳಿ ಪುಡಿ ಮೊದಲು ಬೂದು ಬಣ್ಣಕ್ಕೆ ತಿರುಗುತ್ತೆ. ಹೆಂಡತಿ ಕೆಳಗೆ ಕೂತು ಟಾರ್ಚ್ ಹಿಡಿದಿದ್ದಳು. "ಇಲ್ಲಿ, ಇಲ್ಲಿ, ಈಗ ಶುರುವಾಯ್ತು" ಅಂತ ಅವಳೇ ಮೊದಲು ಕಂಡಿದ್ದು. ಹೀಗೆ ಹುಡುಕೋಕೆ ಒಂದು ಪೂರ್ತಿ ಸಂಜೆ ಬೇಕಾಯ್ತು. ಏಳು ಹನಿಗೆ ಸಿಕ್ಕಿದ್ದು ಐದು ಜಾಗ. ಅಜ್ಜ ಹೇಳಿದ್ದೇ ಸರಿ.

ನಲ್ಲಿಯ ಬುಡದಲ್ಲಿ ಒಂದು. ಹಿಂದಿನ ಪ್ಯಾನಿನ ಫ್ಲೂ ತುದಿಯಲ್ಲಿ ಎರಡು. ಒಂದು ಅಡ್ಡ ಗೋಡೆ ಹೊರ ಅಂಚಿಗೆ ಸೇರೋ ಕಡೆ ಒಂದು. ಕೊನೆಯದು ಸಂದು ಅಲ್ಲ, ತಳದ ನಡುವೆಯೇ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ನಾಲ್ಕು ತೂತು.

ಇವು ಯಾಕೆ ಆದವು ಅಂತ ತಿಳಿಯದೆ ಬೆಸುಗೆ ಹಾಕಿದರೆ ಮುಂದಿನ ವರ್ಷ ಮತ್ತೆ ಅದೇ ಕತೆ. ಫ್ಲೂ ತುದಿ ಬಿರುಕು ಬಿಟ್ಟಿದ್ದು ಹಿಮದಿಂದ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತೆ. ಮಡಿಕೆಯ ತಳದಲ್ಲಿ ಎರಡು ಇಂಚು ನೀರು ಉಳಿದರೆ ಸಾಕು, ಸಂದು ಬಿಡಿಸಿಕೊಳ್ಳುತ್ತೆ. ಮುಟ್ಟಿ ನೋಡಿದರೆ ಆ ಎರಡು ಫ್ಲೂಗಳು ಹೊಟ್ಟೆ ಉಬ್ಬಿದ ಹಾಗಿದ್ದವು. ತಳದ ತೂತುಗಳ ಕತೆ ಬೇರೆ. ಮೇಪಲ್ ರಸ ಕಾಯ್ತಾ ಕಾಯ್ತಾ ಅದರ ಕ್ಯಾಲ್ಸಿಯಂ ಕಿಟ್ಟ ಕಟ್ಟಿ ತಳಕ್ಕೆ ಕೂರುತ್ತೆ. ಇಲ್ಲಿಯವರು ಅದನ್ನ ಶುಗರ್ ಸ್ಯಾಂಡ್ ಅಂತಾರೆ, ಸಕ್ಕರೆ ಮರಳು. ಕಿಟ್ಟ ದಪ್ಪ ಆದ ಹಾಗೆ ಬೆಂಕಿಯ ಬಿಸಿ ರಸಕ್ಕೆ ತಲುಪೋದಿಲ್ಲ, ಲೋಹದಲ್ಲೇ ನಿಲ್ಲುತ್ತೆ. ಅಲ್ಲಿ ರಸ ಸೀಯುತ್ತೆ. ಅದನ್ನ ತೆಗೆಯೋಕೆ ಯಾರೋ ಕಾಂಕ್ರೀಟ್ ತೊಳೆಯೋ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿರಬೇಕು. ಆ ಆಸಿಡ್ ಸ್ಟೇನ್‌ಲೆಸ್ ಸ್ಟೀಲನ್ನ ಹುಳು ತಿಂದ ಹಲ್ಲಿನ ಥರ ಕೊರೆಯುತ್ತೆ.

ತೊಳೆಯೋದೇ ಕೆಲಸ

ಬೆಸುಗೆ ಹಾಕೋದು ಹತ್ತು ನಿಮಿಷ. ತೊಳೆಯೋದು ಎರಡು ದಿನ. ಸಕ್ಕರೆ, ಕಿಟ್ಟ, ಮಸಿ, ಕೈಯ ಜಿಡ್ಡು, ಏನಿದ್ದರೂ ಬೆಸುಗೆ ಹಿಡಿಯೋದಿಲ್ಲ. ಮುಂದಿನ ಪ್ಯಾನಿಗೆ ಒಂದು ಇಂಚು ತುಂಬೋಕೆ 9 ಲೀಟರ್ ಬೇಕು. ಅರ್ಧ ಬಿಳಿ ವಿನೆಗರ್, ಅರ್ಧ ಬಿಸಿ ನೀರು ಹಾಕಿ ಎರಡು ರಾತ್ರಿ ಬಿಟ್ಟೆ. ಕಿಟ್ಟ ದೋಸೆಯ ಅಂಚು ಏಳೋ ಹಾಗೆ ಎದ್ದು ಬಂತು. ಸೀಸದ ಪರೀಕ್ಷೆ ಆಗದೆ ವಿನೆಗರ್ ಮಾತ್ರ ಹಾಕಬೇಡಿ, ಅದು ಸೀಸವನ್ನ ಕರಗಿಸುತ್ತೆ. ಉಜ್ಜೋಕೆ ಸ್ಟೇನ್‌ಲೆಸ್ ತಂತಿಯ ಬ್ರಷ್‌ ಮಾತ್ರ. ಕಬ್ಬಿಣದ ಬ್ರಷ್ ತಗೊಂಡರೆ ಅದರ ಪುಡಿ ಒಳಗೆ ಸೇರಿ ಆಮೇಲೆ ತುಕ್ಕು ಹಿಡಿಯುತ್ತೆ.

ಆ ದಿನ ಅಮ್ಮ ಮದ್ದೂರಿನಿಂದ ವಿಡಿಯೋ ಕಾಲ್ ಮಾಡಿದ್ದರು.

"ಏನೋ ಅದು, ನಿನ್ನೆಯಿಂದ ಪಾತ್ರೆ ಉಜ್ತಾನೇ ಇದ್ದೀಯಲ್ಲ?"

"ಕೊಪ್ಪರಿಗೆ ಅಮ್ಮ, ಇಲ್ಲಿಯ ಕೊಪ್ಪರಿಗೆ. ಸೋರ್ತಿದೆ."

"ಬರಿದಾಗೋಕೆ ಬಿಟ್ಟಿರ್ತಾರೆ. ನಿಮ್ಮ ತಾತ ಒಲೆಯಲ್ಲಿ ಬೆಂಕಿ ಇರೋವಾಗ ಊಟಕ್ಕೂ ಏಳ್ತಿರಲಿಲ್ಲ ಕಣೋ. ಕೊಪ್ಪರಿಗೆ ಪಕ್ಕಕ್ಕೇ ಮುದ್ದೆ ತರಿಸ್ಕೊಳ್ತಿದ್ದರು."

ಅಮ್ಮ ಹೇಳಿದ ಕಾರಣ ಇಲ್ಲಿಗೂ ಸರಿಹೊಂದುತ್ತೆ. ಸಿರಪ್ ಆಗೋದು ನೀರು ಕುದಿಯೋ ಬಿಸಿಗಿಂತ ಸುಮಾರು 4 ಡಿಗ್ರಿ ಮೇಲೆ, ಅಂದ್ರೆ 104 ಡಿಗ್ರಿ ಹತ್ತಿರ. ತವರ-ಬೆಳ್ಳಿ ಬೆಸುಗೆ ಕರಗೋಕೆ ಶುರುವಾಗೋದು 221 ಡಿಗ್ರಿಗೆ. ಕೆಳಗಿನ ಬೆಂಕಿ ಅದಕ್ಕಿಂತ ಎಷ್ಟೋ ಬಿಸಿ. ನಡುವೆ ಕಾಪಾಡ್ತಿರೋದು ರಸ ಒಂದೇ. ರಸ ಇರೋವರೆಗೂ ಲೋಹ ಅದರ ಬಿಸಿಯ ಹತ್ತಿರದಲ್ಲೇ ಇರುತ್ತೆ. ಒಂದು ಮೂಲೆ ಒಣಗಿದರೂ ಬೆಸುಗೆ ನೀರಾಗಿ ಒಲೆಗೆ ಬೀಳುತ್ತೆ.

ತಳದ ತೂತು, ನಾನು ಮಾಡಿದ ತಪ್ಪು

ತಳದ ನಾಲ್ಕು ತೂತಿಗೆ ನಾನು ಮೊದಲು ಬೆಸುಗೆಯ ನಾಲ್ಕು ಚುಕ್ಕೆ ಇಟ್ಟುಬಿಟ್ಟೆ. ಅದು ತಪ್ಪು. ಸುತ್ತ ಲೋಹವೇ ತೆಳ್ಳಗಾಗಿತ್ತು. ಬ್ರಷ್ ತಿಕ್ಕಿದ ಕಡೆ ಐದನೇ ತೂತು ಬಂತು. ಇಂಥ ಕಡೆ ಹಾಳಾದ ಭಾಗ ಕತ್ತರಿಸಿ ತೆಗೆದು ಹೊಸ ತುಂಡು ಕೂಡಿಸಿ ಟಿಗ್ ವೆಲ್ಡಿಂಗ್ ಮಾಡಿಸಬೇಕು, ಅಂದ್ರೆ ವಿದ್ಯುತ್ ಕಿಡಿಯಿಂದ ಉಕ್ಕನ್ನೇ ಕರಗಿಸಿ ಒಂದು ಮಾಡೋದು. ವೆಲ್ಡರ್ ಹತ್ತಿರ ತಗೊಂಡು ಹೋದರೆ ಆತ ನನ್ನ ಬೆಸುಗೆ ಚುಕ್ಕೆ ನೋಡಿ ತಲೆಯಾಡಿಸಿದ. ತವರ ಇರೋ ಕಡೆ ಸ್ಟೇನ್‌ಲೆಸ್ ವೆಲ್ಡ್ ಮಾಡಿದರೆ ಕರಗಿದ ತವರ ಉಕ್ಕಿನ ಒಳಗೆ ಇಳಿದು ಬಿರುಕು ಬಿಡಿಸುತ್ತೆ. ಹಾಗಾಗಿ ಎರಡು ಇಂಚಿನ ತುಂಡು ಸಾಕಾಗೋ ಕಡೆ ನಾಲ್ಕು ಇಂಚು ಕತ್ತರಿಸಬೇಕಾಯ್ತು. ಒಂದೇ ಜಾಗಕ್ಕೆ ಒಂದೋ ಬೆಸುಗೆ, ಇಲ್ಲ ವೆಲ್ಡಿಂಗ್. ಪ್ಯಾನಿಗೆ ಎರಡೂ ಬೇಕಿದ್ದರೆ ಮೊದಲು ವೆಲ್ಡಿಂಗ್ ಮುಗಿಸಿ, ಆಮೇಲೆ ಬೆಸುಗೆ. ತಿರುಗುಮುರುಗು ಮಾಡಿದರೆ ವೆಲ್ಡಿಂಗ್ ಬಿಸಿಗೆ ಪಕ್ಕದ ಬೆಸುಗೆ ಹರಿದುಹೋಗುತ್ತೆ.

ಆತನ ಕೆಲಸ ನೋಡ್ತಾ ನಿಂತಿದ್ದೆ. ಮೂಲೆ ದುಂಡಗೆ ಮಾಡಿದ, 304 ಅನ್ನೋ ಜಾತಿಯ ಸ್ಟೇನ್‌ಲೆಸ್ ಸ್ಟೀಲ್ ತುಂಡು, ಕೆಳಗೆ ಒತ್ತಿ ಹಿಡಿದ ದಪ್ಪ ತಾಮ್ರದ ಪಟ್ಟಿ. ತಾಮ್ರ ಬಿಸಿಯನ್ನ ಎಳೆದುಕೊಳ್ಳುತ್ತೆ, ಹಾಳೆ ಸೊಟ್ಟಗಾಗೋದಿಲ್ಲ. ಹಿಂಬದಿಗೂ ಆರ್ಗಾನ್ ಗ್ಯಾಸ್ ಬಿಟ್ಟ. ಬಿಡದಿದ್ದರೆ ವೆಲ್ಡಿನ ಹಿಂಭಾಗ ಗಾಳಿಗೆ ಸುಟ್ಟು, ಹರಳು ಹರಳಾಗಿ ಒರಟಾಗುತ್ತೆ. ವೆಲ್ಡರ್‌ಗಳ ಮಾತಿನಲ್ಲಿ ಇದಕ್ಕೆ ಶುಗರಿಂಗ್ ಅಂತ ಹೆಸರು. ವರ್ಮಾಂಟ್‌ನಲ್ಲಿ ಸಿರಪ್ ಕಾಯಿಸೋ ಕಾಲಕ್ಕೂ ಅದೇ ಹೆಸರು! ಆ ಒರಟಿನಲ್ಲಿ ಕಿಟ್ಟ ಬೇಗ ಕೂರುತ್ತೆ, ತುಕ್ಕೂ ಹಿಡಿಯುತ್ತೆ. ನನ್ನ ತುಂಡಿನ ಹಿಂಬದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ನುಣುಪಾಗಿ ಬಂತು.

ಬೆಸುಗೆ

ಉಳಿದ ನಾಲ್ಕು ಜಾಗ ನನ್ನ ಕೈಕೆಲಸ. ಬೆಸುಗೆ ತಂತಿ ತವರ ಮತ್ತು ಬೆಳ್ಳಿಯದು, ಸೀಸ, ಕ್ಯಾಡ್ಮಿಯಂ ಎರಡೂ ಇಲ್ಲ ಅಂತ ಪ್ಯಾಕೆಟ್ ಮೇಲೆ ಓದಿಯೇ ತಂದೆ. ಬೆಳ್ಳಿ ಬೆಸುಗೆ ಅನ್ನೋ ಹೆಸರಲ್ಲಿ ಕ್ಯಾಡ್ಮಿಯಂ ಇರೋ ಜಾತಿಯೂ ಇದೆ, ಅದು ವಿಷ. ಸ್ಟೇನ್‌ಲೆಸ್ ಮೇಲೆ ಕ್ರೋಮಿಯಂ ಆಕ್ಸೈಡ್‌ನ ಒಂದು ತೆಳು ಪೊರೆ ಸದಾ ಇರುತ್ತೆ. ಅದನ್ನ ತೆಗೆಯೋಕೆ ಜಿಂಕ್ ಕ್ಲೋರೈಡ್ ಇರೋ ಕಟುವಾದ ಫ್ಲಕ್ಸ್ ಬೇಕು, ಅಂದ್ರೆ ಬೆಸುಗೆ ಹಿಡಿಯೋಕೆ ಅಂತ ಮೊದಲು ಲೋಹಕ್ಕೆ ಬಳಿಯೋ ರಾಸಾಯನಿಕ. ರೇಡಿಯೋ ರಿಪೇರಿಯವರ ರಾಳ ಸಾಲದು. ಕಿಟಕಿ ತೆಗೆದು, ಫ್ಯಾನ್ ಹಾಕಿ, ಕನ್ನಡಕ, ಕೈಗವಸು ಹಾಕಿಕೊಂಡೇ ಕೂರಬೇಕು. ಹೊಗೆ ಗಂಟಲು ಸುಡುತ್ತೆ.

ನಲ್ಲಿಯ ಬುಡಕ್ಕೆ ಗ್ಯಾಸ್ ಟಾರ್ಚ್. ತಾಮ್ರಕ್ಕೆ ಬೆಂಕಿ ತೋರಿಸಿದರೆ ಬಿಸಿ ಇಡೀ ಪಾತ್ರೆಗೆ ಓಡುತ್ತೆ. ಸ್ಟೇನ್‌ಲೆಸ್ ಹಾಗಲ್ಲ. ಬೆಂಕಿ ಬಿದ್ದ ಕಡೆ ಸುಡುತ್ತೆ, ಎರಡು ಇಂಚು ಆಚೆ ತಣ್ಣಗೆ ಕೂತಿರುತ್ತೆ. ಮೊದಲ ಸಲ ಒಂದೇ ಕಡೆ ಹಿಡಿದು ಫ್ಲಕ್ಸ್ ಕಪ್ಪಾಗಿ ಸುಟ್ಟಿತು. ತಂತಿ ಮುಟ್ಟಿಸಿದರೆ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಉಂಡೆಯಾಗಿ ಉರುಳಿತು. ಎಲ್ಲ ಕೆರೆದು ಮತ್ತೆ ಮೊದಲಿನಿಂದ. ಎರಡನೇ ಸಲ ಉರಿ ಸಣ್ಣ ಮಾಡಿ, ಕೆಳಗಿನಿಂದ ಸುತ್ತ ಆಡಿಸ್ತಾ ಇದ್ದೆ. ಫ್ಲಕ್ಸ್ ಮೊದಲು ನೊರೆಯಾಗಿ ಕುದಿಯಿತು, ಆಮೇಲೆ ಸುಮ್ಮನಾಯ್ತು, ತಿಳಿ ಕಂದು ಬಣ್ಣಕ್ಕೆ ಬಂತು. ಆಗ ಉರಿ ಪಕ್ಕಕ್ಕೆ ಸರಿಸಿ ತಂತಿಯನ್ನ ಲೋಹಕ್ಕೆ ಮುಟ್ಟಿಸಿದೆ. ಕರಗಬೇಕಾದ್ದು ಲೋಹದ ಬಿಸಿಗೆ, ಉರಿಗೆ ಅಲ್ಲ. ಬೆಸುಗೆ ಒಂದು ಕ್ಷಣ ನಿಂತು, ಸರಕ್ಕನೆ ಪೈಪಿನ ಸುತ್ತ ಓಡಿ ಸಂದಿನೊಳಗೆ ಇಳಿಯಿತು. ಬಿರುಕು ಕಣ್ಣೆದುರೇ ಮುಚ್ಚಿತು. ಅಡ್ಡ ಗೋಡೆಯ ಸಂದೂ ಹೀಗೇ ಆಯ್ತು.

ಫ್ಲೂ ತುದಿಗೆ ಟಾರ್ಚ್ ಆಗೋದಿಲ್ಲ. ಎರಡು ಮಡಿಕೆಗಳ ನಡುವೆ ಒಂದು ಇಂಚೂ ಜಾಗ ಇಲ್ಲ. ಉರಿ ತೋರಿಸಿದರೆ ಪಕ್ಕದ ಒಳ್ಳೇ ಬೆಸುಗೆಯೂ ಕರಗುತ್ತೆ. ಅಜ್ಜ ತಮ್ಮ ಮನೆಯಿಂದ ಹಳೇ ಬೆಸುಗೆ ಕೋಲು ತಂದುಕೊಟ್ಟರು. ಅರ್ಧ ಕಿಲೋ ತೂಕದ ತಾಮ್ರದ ಗಟ್ಟಿ, ಕಬ್ಬಿಣದ ಸರಳು, ಮರದ ಹಿಡಿ. ಅದನ್ನ ಉರಿಯಲ್ಲಿ ಕಾಯಿಸಿ, ಮೂತಿ ಸ್ವಚ್ಛ ಮಾಡೋಕೆ ಅಂತ ಸೋಪಿನಷ್ಟು ದೊಡ್ಡ ಒಂದು ಬಿಳಿ ಗಟ್ಟಿ ಕೊಟ್ಟರು. ಕಾದ ತಾಮ್ರವನ್ನ ಅದಕ್ಕೆ ಉಜ್ಜಿದೆ. ಬಿಳಿ ಹೊಗೆ ಬುಸ್ಸಂತ ಎದ್ದಿತು. ಮೂಗಿಗೆ ಹತ್ತಿದ ತಕ್ಷಣ ಗೊತ್ತಾಯ್ತು. ನವಸಾಗರ.

ಚಿಕ್ಕವನಿದ್ದಾಗ ನಮ್ಮ ಬೀದಿಗೆ ಕಲಾಯಿಯವರು ಬರ್ತಿದ್ದರು. ನೆಲದಲ್ಲಿ ಗುಂಡಿ ತೋಡಿ ಇದ್ದಿಲು ಹಾಕಿ ತಿದಿ ಒತ್ತೋರು. ಅಜ್ಜಿಯ ತಾಮ್ರದ ಪಾತ್ರೆಯನ್ನ ಇಕ್ಕಳದಲ್ಲಿ ಹಿಡಿದು ತಿರುಗಿಸ್ತಾ ಕಾಯಿಸಿ, ಒಂದು ಚಿಟಿಕೆ ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ. ನಾನು ಆ ಹೊಗೆಯ ಪಕ್ಕಕ್ಕೇ ಹೋಗಿ ಕೂರ್ತಿದ್ದೆ. ಈಗ ಈ ನೆಲಮಾಳಿಗೆಯಲ್ಲಿ ಅದೇ ವಾಸನೆ. ತಾಮ್ರದ ಮೂತಿ ಉಜ್ಜಿದ ಕಡೆ ಅದೇ ಬೆಳ್ಳಿ. ಸ್ವಲ್ಪ ಹೊತ್ತು ಕೋಲು ಹಿಡಿದು ಹಾಗೇ ಕೂತಿದ್ದೆ. ತಣ್ಣಗಾಯ್ತು, ಮತ್ತೆ ಕಾಯಿಸಬೇಕಾಯ್ತು.

ಕಲಾಯಿಯವರು ಮಾಡ್ತಿದ್ದದ್ದನ್ನೇ ಮಾಡಿದೆ. ಬಿರುಕಿನ ಎರಡೂ ಬದಿಗೆ ಮೊದಲು ತೆಳ್ಳಗೆ ಬೆಸುಗೆ ಬಳಿದು, ಆಮೇಲೆ ಕೋಲನ್ನ ಒತ್ತಿ ನಿಧಾನವಾಗಿ ಎಳೆದೆ. ಕೋಲಿನ ಬಿಸಿ ಎರಡು ಇಂಚಿಗೆ ಸಾಕಾಗುತ್ತೆ, ಆಮೇಲೆ ಮತ್ತೆ ಉರಿಗೆ. ಎರಡು ತುದಿಗೆ ಒಂದು ಮಧ್ಯಾಹ್ನ. ಉಬ್ಬಿದ ಫ್ಲೂವನ್ನ ತಟ್ಟಿ ನೇರ ಮಾಡೋಕೆ ಹೋಗಲಿಲ್ಲ. ತಟ್ಟಿದರೆ ಇನ್ನೊಂದು ಸಂದು ಬಿಡುತ್ತೆ.

ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ಫ್ಲಕ್ಸ್ ಪೂರ್ತಿ ತೊಳೆದೆ, ಮೂರು ಸಲ. ಉಳಿದರೆ ಅದರ ಕ್ಲೋರೈಡ್ ಮತ್ತೆ ಸ್ಟೀಲನ್ನ ಕೊರೆಯುತ್ತೆ.

ಬಿಸಿಯಲ್ಲಿ ಪರೀಕ್ಷೆ

ತಣ್ಣೀರು ಪರೀಕ್ಷೆಯಲ್ಲಿ ಒಂದು ರಾತ್ರಿ ಪೂರ್ತಿ ಪೇಪರ್ ಒಣಗಿಯೇ ಇತ್ತು. ಅಷ್ಟಕ್ಕೇ ಸಂತೋಷಪಡಬಾರದು ಅಂತ ಅಜ್ಜ ಎಚ್ಚರಿಸಿದ್ದರು. ಫೆಬ್ರವರಿ ಕೊನೆಗೆ ಪ್ಯಾನ್‌ಗಳನ್ನ ಒಲೆ ಮೇಲೆ ಕೂರಿಸಿ, ಬರೀ ನೀರು ತುಂಬಿಸಿ ಎರಡು ಗಂಟೆ ಕುದಿಸಿದೆ. ಬಿಸಿಗೆ ಲೋಹ ಹಿಗ್ಗಿದಾಗ ಅಡ್ಡ ಗೋಡೆಯ ಸಂದಿನ ಹೊರಗೆ ಬೆವರಿನ ಹಾಗೆ ಒಂದು ಹನಿ ಮೂಡಿತು. ಬೀಳಲಿಲ್ಲ, ಅಲ್ಲೇ ಆರಿತು. ಉಳಿದ ನಾಲ್ಕು ಜಾಗ ಒಣ. ಆ ನೀರು ಚೆಲ್ಲಿದೆ. ರಿಪೇರಿ ಆದ ಮೇಲೆ ಮೊದಲು ಕುದಿಸಿದ್ದನ್ನ ಬಳಸಬಾರದು.

ಇಲ್ಲಿ ಮಾರ್ಚ್ ಮೊದಲ ಮಂಗಳವಾರ ಊರಿನ ಸಭೆ. ಹಳಬರು ಮರಕ್ಕೆ ನಳಿಕೆ ಹೊಡೆಯೋದು ಆ ದಿನದ ಲೆಕ್ಕದಲ್ಲಿ. ನಾವೂ ಆ ವಾರ 100 ನಳಿಕೆ ಹೊಡೆದೆವು. ರಾತ್ರಿ ಹಿಮ, ಹಗಲು ಐದಾರು ಡಿಗ್ರಿ, ರಸ ಇಳಿಯೋಕೆ ಶುರುವಾಯ್ತು. ಮೊದಲ ದಿನ ಕಾಯಿಸುವಾಗ ನಾನು ಮುಂದಿನ ಪ್ಯಾನ್ ಬಿಟ್ಟು ಏಳಲಿಲ್ಲ. ಎರಡು ಇಂಚು ರಸ ಇರಬೇಕು, ಕಮ್ಮಿ ಆಗಬಾರದು. ಸೌಟು ಎತ್ತಿ ಸುರಿದರೆ ಹನಿಯಾಗಿ ಬೀಳೋದು ನಿಂತು, ಅಂಚಿನಲ್ಲಿ ಅಗಲವಾದ ತೆರೆಯಾಗಿ ಜೋತುಬಿತ್ತು. ಇವರ ಪಾಕದ ಗುರುತು ಅದು. ಹೊಸ ಬೆಸುಗೆ ಹಾಕಿದ ನಲ್ಲಿ ತಿರುಗಿಸಿದೆ, ಸ್ಪ್ಯಾನರ್ ಇಲ್ಲದೆ, ಕೈಯಲ್ಲೇ. ಬುಡದಲ್ಲಿ ಬೆರಳಿಟ್ಟು ನೋಡಿದೆ. ಒಣ. ಮಗಳು ಲೋಟ ಹಿಡಿದು ನಿಂತಿದ್ದಳು.

ಅಡ್ಡ ಗೋಡೆಯ ಸಂದು ಸಕ್ಕರೆ ಕಟ್ಟಿಕೊಂಡು ತಾನೇ ಮುಚ್ಚಿಕೊಳ್ಳುತ್ತೆ ಅಂತ ಅಜ್ಜ ಹೇಳಿದ್ದರು, ಹಾಗೇ ಆಯ್ತು. ಆದರೂ ಅದನ್ನ ಹಾಗೇ ಬಿಡೋಕೆ ನನಗೆ ಮನಸ್ಸಿಲ್ಲ. ಏಪ್ರಿಲ್‌ನಲ್ಲಿ ಕೊನೆಯ ಸಲ ಕಾಯಿಸಿ, ಪ್ಯಾನ್‌ಗಳನ್ನ ತೊಳೆದು, ಫ್ಲೂಗಳಲ್ಲಿ ಒಂದು ಹನಿಯೂ ಉಳಿಯದ ಹಾಗೆ ಬಗ್ಗಿಸಿ ಸುರಿದು, ಬಟ್ಟೆಯಲ್ಲಿ ಒರೆಸಿ, ನೆಲಮಾಳಿಗೆಯಲ್ಲಿ ಬೋರಲು ಹಾಕಿದ್ದೇನೆ. ಆ ಸಂದಿನ ಪಕ್ಕ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದಿದೆ. ಡಿಸೆಂಬರ್‌ನಲ್ಲಿ ಮೊದಲ ಕೆಲಸ ಅದೇ. ಬೆಸುಗೆ ಕೋಲು ಇನ್ನೂ ನನ್ನ ಹತ್ತಿರವೇ ಇದೆ. ಇಟ್ಟುಕೋ ಅಂದರು ಅಜ್ಜ.